ಹಗ್ಗ ಹಿಡಿದವನ ಹಿತ

"ತನ್ನ ಹಿತವನ್ನೇ ನೋಡಿಕೊಳ್ಳಬೇಕು ಎಂಬ ತತ್ವವನ್ನು ಒಪ್ಪಿದವನು ಕ್ರಿಸ್ತನನ್ನೂ ನಂಬಬಹುದೇ?" ಎಂದು ಇನ್ನಾಸಿಯು ಉಪದೇಶಿ ಚೌರಪ್ಪನವರನ್ನು ಕೇಳಿದನು.

ಅವನು ವಾದಕ್ಕಾಗಿ ಕೇಳಿದ್ದಲ್ಲ. ಅಂದು ಹತ್ತು ಗಂಟೆಗೆ ಗುಡಿಯಲ್ಲಿ ಒಂದು ಮಗುವಿಗೆ ಜ್ಞಾನಸ್ನಾನವಿತ್ತು, ಎಂದರೆ ನೀರೆರೆದು ಕ್ರಿಸ್ತನ ಸಭೆಗೆ ಸೇರಿಸಿಕೊಳ್ಳುವ ವಿಧಿ. ಮಗುವಿನ ತಂದೆ ಇನ್ನಾಸಿಯ ಗೆಳೆಯ. ಅವನು ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ತಾಯಿ ಲೂರ್ದಮ್ಮ ಕಾಯಿಲೆಯವಳು. ತಾನು ಹೆಚ್ಚು ದಿನ ಇರುವುದಿಲ್ಲವೆಂದು ಅವಳಿಗೇ ಗೊತ್ತಿತ್ತು. ಮಗುವಿಗೆ ಜ್ಞಾನತಂದೆಯಾಗಿ ನಿಲ್ಲು ಎಂದು ಅವಳು ಇನ್ನಾಸಿಯನ್ನು ಬೇಡಿಕೊಂಡಿದ್ದಳು. ಜ್ಞಾನತಂದೆ ಎಂದರೆ ಮಗುವನ್ನು ಎತ್ತಿಕೊಂಡು ಅದರ ಪರವಾಗಿ 'ನಂಬುತ್ತೇನೆ' ಎಂದು ಹೇಳುವವನು. ಹೆತ್ತವರು ಇಲ್ಲವಾದರೆ ಮಗುವನ್ನು ಸಾಕಬೇಕಾದವನೂ ಅವನೇ. ಬೇರೆ ಮಕ್ಕಳ ವಿಷಯದಲ್ಲಿ ಈ ಎರಡನೆಯದು ಬರಿಯ ಮಾತು. ಈ ಮಗುವಿನ ವಿಷಯದಲ್ಲಿ ಹಾಗಲ್ಲ ಎಂಬುದು ಊರಿಗೆಲ್ಲ ತಿಳಿದಿತ್ತು.

ಇನ್ನಾಸಿ ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟವನು. ಇನ್ನೂ ಮದುವೆಯಾಗಿರಲಿಲ್ಲ. ಅಂಗಡಿಗೆ ಬರುವವರೊಬ್ಬರು ಕೊಟ್ಟ ಪುಸ್ತಕವನ್ನು ಎರಡು ಸಲ ಓದಿದ್ದನು. ಪ್ರತಿಯೊಬ್ಬನೂ ತನ್ನ ಹಿತವನ್ನು ಪ್ರಾಮಾಣಿಕವಾಗಿ ನೋಡಿಕೊಂಡರೆ ಲೋಕ ನೆಟ್ಟಗೆ ನಡೆಯುತ್ತದೆ, ತಿರುಗಿ ಏನೂ ಬಾರದ ಕಡೆಗೆ ತನ್ನನ್ನು ಒಪ್ಪಿಸಿಕೊಳ್ಳುವವನು ತನಗೆ ತಾನೇ ಮೋಸ ಮಾಡಿಕೊಳ್ಳುತ್ತಾನೆ ಎಂದು ಅದರಲ್ಲಿತ್ತು. ಅದು ಅವನಿಗೆ ನಿಜವೆನಿಸಿತ್ತು. ಆದರೆ ಪ್ರಾರ್ಥನೆಯನ್ನು ಬಿಡಲೂ ಆಗಿರಲಿಲ್ಲ. ಮಗುವನ್ನು ಎತ್ತಿಕೊಂಡು ದೇವರ ಮುಂದೆ ಸುಳ್ಳು ಹೇಳಲು ಅವನು ಸಿದ್ಧನಿರಲಿಲ್ಲ. ಎರಡೂ ಕೂಡುವುದಾದರೆ ನಿಲ್ಲುತ್ತೇನೆ, ಕೂಡದಿದ್ದರೆ ಲೂರ್ದಮ್ಮನಿಗೆ ಈಗಲೇ ಹೇಳಿ ಹೊರಟುಬಿಡುತ್ತೇನೆ ಎಂದು ನಿಶ್ಚಯಿಸಿಕೊಂಡೇ ಬಂದಿದ್ದನು.

ಚೌರಪ್ಪನವರು ಹೇಳಿದರು: "ಒಂದು ಕತೆ ಇದೆ. ಆದರೆ ನನಗೆ ಕತೆ ಹೇಳಲು ಬರುವುದಿಲ್ಲ, ಮೊದಲೇ ಕ್ಷಮಿಸಿಬಿಡಪ್ಪ. ಕತೆಗಿಂತ ವಿವರಣೆಯೇ ಉದ್ದವಾಗುತ್ತದೆ."

ಆಮೇಲೆ ಅವರು ಹೇಳಿದ ಕತೆ ಇದು.

ಒಬ್ಬ ಬಾವಿ ತೋಡುವವನಿದ್ದನು. ಅವನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಬಾವಿಗೆ ಇಳಿಯುವನು. ಮೇಲೆ ಒಬ್ಬನು ಹಗ್ಗ ಹಿಡಿದು ನಿಲ್ಲುವನು. ಇಳಿದವನ ಪ್ರಾಣ ಹಿಡಿದವನ ಕೈಯಲ್ಲಿ. ಆದ್ದರಿಂದ ಹಗ್ಗವನ್ನು ಯಾರಿಗೆ ಕೊಡಬೇಕು ಎಂಬುದೇ ಆ ಕೆಲಸದಲ್ಲಿ ದೊಡ್ಡ ವಿಚಾರ.

ಇಲ್ಲಿ ಇನ್ನಾಸಿ ತಡೆದು, ಹಗ್ಗವನ್ನು ಮರಕ್ಕೆ ಕಟ್ಟಬಹುದಿತ್ತಲ್ಲ ಎಂದನು. ಚೌರಪ್ಪನವರು, ಮರ ಹಿಡಿದುಕೊಳ್ಳುತ್ತದೆ, ಆದರೆ ಮೇಲಕ್ಕೆ ಎಳೆಯುವುದಿಲ್ಲ, ಅದಕ್ಕೆ ಮನುಷ್ಯನೇ ಬೇಕು ಎಂದು ವಿವರಿಸಿ ಮುಂದುವರಿದರು.

ಬಾವಿ ತೋಡುವವನು ಯಾರ ಒಳ್ಳೆಯತನವನ್ನೂ ನಂಬುತ್ತಿರಲಿಲ್ಲ. ಒಳ್ಳೆಯತನ ದಿನಕ್ಕೊಂದು ಥರ ಇರುತ್ತದೆ, ಹಿತ ಮಾತ್ರ ಬದಲಾಗುವುದಿಲ್ಲ ಎಂದು ಅವನು ಎಲ್ಲರಿಗೂ ಹೇಳುವನು. ಅದಕ್ಕಾಗಿಯೇ ಹಗ್ಗವನ್ನು ತನ್ನ ಬಾಮೈದನಿಗೆ ಕೊಡುತ್ತಿದ್ದನು. ಬಾಮೈದ ಎಂದರೆ ಹೆಂಡತಿಯ ತಮ್ಮ. ಅವನು ಹಗ್ಗ ಬಿಟ್ಟರೆ ವಿಧವೆಯಾಗುವವಳು ಅವನ ಸ್ವಂತ ಅಕ್ಕ. ಅವಳನ್ನೂ ಅವಳ ಮಕ್ಕಳನ್ನೂ ಸಾಕುವ ಹೊರೆ ಅವನ ತಲೆಗೇ ಬರುತ್ತದೆ. ಆದ್ದರಿಂದ ಅವನು ಬಿಡುವುದಿಲ್ಲ. ಈ ಲೆಕ್ಕಾಚಾರದ ಮೇಲೆ ಹನ್ನೊಂದು ವರ್ಷ ಕೆಲಸ ನಡೆಯಿತು. ಬಾಮೈದ ಒಂದು ದಿನವೂ ಹಗ್ಗ ಬಿಡಲಿಲ್ಲ.

ಹನ್ನೆರಡನೆಯ ವರ್ಷ ಒಂದು ಬಾವಿಯಲ್ಲಿ, ಅವನನ್ನು ಮೇಲಕ್ಕೆ ಎಳೆಯುತ್ತಿರುವಾಗ, ಬಾಮೈದನ ಕಾಲಡಿಯ ಮಣ್ಣು ಕುಸಿಯತೊಡಗಿತು. ಹಿಡಿದರೆ ಇಬ್ಬರೂ ಬೀಳಬಹುದು, ಬಿಟ್ಟರೆ ಒಬ್ಬನು ಬೀಳುತ್ತಾನೆ. ಬಾಮೈದ ಬಿಟ್ಟನು.

ಬಾವಿ ತೋಡುವವನು ಕೆಳಗಿನ ಕೆಸರಿನಲ್ಲಿ ಬಿದ್ದನು. ಕಾಲು ಮುರಿಯಿತು, ಪ್ರಾಣ ಉಳಿಯಿತು. ಜನ ಕೂಡಿದರು. ದಂಡೆ ಇನ್ನೂ ಕುಸಿಯುತ್ತಿದ್ದುದರಿಂದ ಯಾರೂ ಹತ್ತಿರ ಹೋಗಲಿಲ್ಲ. ಆಗ ಅವನ ನೆರೆಮನೆಯವನು ಬಂದನು. ಹಿತ್ತಿಲ ಬೇಲಿಯ ಜಗಳದಲ್ಲಿ ಇವರಿಬ್ಬರೂ ಆರು ವರ್ಷದಿಂದ ಮಾತು ಬಿಟ್ಟಿದ್ದರು. ಅವನು ಬಾವಿಗೆ ಇಳಿದು, ಇವನನ್ನು ಬೆನ್ನಿಗೆ ಕಟ್ಟಿಕೊಂಡು ಹತ್ತಿ ಬಂದನು.

ಬಾಮೈದ ನೋಡಲು ಬಂದು, "ಭಾವ, ನನಗೂ ಹೆಂಡತಿ ಇದ್ದಾಳಲ್ಲ" ಎಂದನು. ಬಾವಿ ತೋಡುವವನಿಗೆ ಸಿಟ್ಟು ಮಾಡಲು ಆಗಲಿಲ್ಲ. ಯಾಕೆಂದರೆ ಅದು ಅವನೇ ಕಲಿಸಿದ ಪಾಠ.

ಕಾಲು ನೆಟ್ಟಗಾದ ಮೇಲೆ ಅವನು ನೆರೆಮನೆಗೆ ಹೋಗಿ ಕೇಳಿದನು: "ನೀನು ಯಾಕೆ ಇಳಿದೆ? ನಾನು ಸತ್ತಿದ್ದರೆ ನಿನಗೆ ಬೇಲಿಯಾದರೂ ಸಿಗುತ್ತಿತ್ತು."

ನೆರೆಯವನು, "ನೀನು ಕೆಳಗಿದ್ದೆ" ಎಂದನು.

ಮಾತು ಇನ್ನೂ ಬರುತ್ತದೆಂದು ಬಾವಿ ತೋಡುವವನು ಕಾದನು. ಬರಲಿಲ್ಲ. ಅವನು ಮನೆಗೆ ಹೋಗಿ ಹಗ್ಗದ ಸುರುಳಿಯನ್ನು ತಂದು ನೆರೆಯವನ ಜಗಲಿಯ ಮೇಲೆ ಇಟ್ಟನು. ಅಂದಿನಿಂದ ಅವನ ಹಗ್ಗ ಹಿಡಿದವನು ಆ ನೆರೆಯವನೇ.

ಕತೆ ಮುಗಿಯಿತು. ಇನ್ನಾಸಿಯ ಮನಸ್ಸು ಹಗುರವಾಯಿತು. ಅವನಿಗೆ ಬೇಕಾದ ಉತ್ತರ ಸಿಕ್ಕಿತ್ತು.

"ಹಾಗಾದರೆ ಎರಡೂ ಕೂಡುತ್ತವೆ, ಉಪದೇಶಿಗಳೇ. ಅವನು ತನ್ನ ತತ್ವವನ್ನೇನೂ ಬಿಡಲಿಲ್ಲ. ತನ್ನ ಹಿತಕ್ಕಾಗಿಯೇ ಒಳ್ಳೆಯವನ ಮನೆಗೆ ಹೋದ. ನಾನೂ ನನ್ನ ಹಿತಕ್ಕಾಗಿ ಕ್ರಿಸ್ತನ ಬಳಿಗೆ ಹೋಗಬಹುದು."

ಚೌರಪ್ಪನವರು, ಹೋಗಬಹುದು, ಬಹಳ ಜನ ಹಾಗೆಯೇ ಹೋಗುತ್ತಾರೆ, ಕ್ರಿಸ್ತನು ಯಾರನ್ನೂ ಹಿಂದಕ್ಕೆ ಕಳಿಸುವುದಿಲ್ಲ ಎಂದರು. ಆದರೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗುತ್ತದೆ ಎಂದು ಬೆರಳು ಮಡಚಿದರು. ಮೊದಲನೆಯದಾಗಿ, ಬಾಮೈದನನ್ನು ಕೆಟ್ಟವನೆಂದು ತಿಳಿಯಬಾರದು; ಹನ್ನೊಂದು ವರ್ಷ ಹಿಡಿದದ್ದು ಸಣ್ಣ ಮಾತಲ್ಲ. ಎರಡನೆಯದಾಗಿ, ನಮ್ಮ ನಂಬಿಕೆ ನಿಂತಿರುವುದೇ ಇಳಿದು ಬಂದವನ ಮೇಲೆ. ಮೂರನೆಯದಾಗಿ, ಬಾವಿ ತೋಡುವವನು ನೆರೆಯವನನ್ನು ನಂಬಿದ ಎನ್ನುವುದಕ್ಕೂ ನೆರೆಯವನಂತೆ ಆದ ಎನ್ನುವುದಕ್ಕೂ ಇರುವ ವ್ಯತ್ಯಾಸ ಏನೆಂದರೆ...

ಅಷ್ಟರಲ್ಲಿ ಗುಡಿ ಗುಡಿಸುವ ಸೂಸಮ್ಮ ಬಾಗಿಲಿಗೆ ಬಂದಳು. "ಉಪದೇಶಿಗಳೇ, ಲೂರ್ದಮ್ಮ ಮಗುವನ್ನು ತಂದಾಯಿತು, ಸ್ವಾಮಿಗಳು ನಿಮ್ಮನ್ನು ಕರೀತಿದ್ದಾರೆ. ನಿಮ್ಮ ಮೂರನೆಯದು ಮುಗಿಯೋ ಹೊತ್ತಿಗೆ ಮಗುವಿಗೆ ಹಲ್ಲು ಬಂದಿರುತ್ತೆ."

ಚೌರಪ್ಪನವರು ಮಡಚಿದ ಬೆರಳನ್ನು ಬಿಚ್ಚಿ ಎದ್ದರು. ಹೊಸ್ತಿಲ ಬಳಿ ನಿಂತು ತಿರುಗಿದರು.

"ಇನ್ನಾಸಿ, ಇಷ್ಟು ಹೊತ್ತೂ ನೀನು ಬಾವಿಯ ತಳದಲ್ಲಿ ನಿಂತು ಕತೆ ಕೇಳಿದೆ, ಇವತ್ತು ನೀನಿರುವುದು ದಂಡೆಯ ಮೇಲೆ. ಕೆಳಗಿರುವುದು ಆ ಮಗು."

ಇನ್ನಾಸಿ ಎದ್ದು ಅವರ ಹಿಂದೆ ಗುಡಿಯ ಕಡೆಗೆ ನಡೆದನು.