ತುಂಬು ಆಯುಷ್ಯದ ಪ್ರಾರ್ಥನೆ

ಹೊಳೆಯ ದಂಡೆಗೆ ಒಂದು ಆಶ್ರಮ. ಮೂರು ಕೋಣೆ, ಹೆಂಚಿನ ಮಾಡಿನ ಮೇಲೊಂದು ಮರದ ಶಿಲುಬೆ, ಇಷ್ಟೆ. ಗುರು ಹನೋಕಯ್ಯನವರು. ಶಿಷ್ಯ ಒಬ್ಬನೇ, ಸತ್ಯಮಿತ್ರ.

ಆ ಕಡೆಯ ಸಭೆಗಳಲ್ಲಿ ಪುಸ್ತಕ ನೋಡಿ ಪ್ರಾರ್ಥಿಸುವ ವಾಡಿಕೆಯಿಲ್ಲ. ಕಣ್ಣು ಮುಚ್ಚಬೇಕು, ಆತ್ಮ ನಡೆಸಿದಂತೆ ಮಾತಾಡಬೇಕು. ಸತ್ಯಮಿತ್ರನಿಗೆ ಅದು ಒಲಿದಿತ್ತು. ಹನ್ನೊಂದು ವರ್ಷದಲ್ಲಿ ತೊಟ್ಟಿಲಿಗೊಂದು, ಮದುವೆಗೊಂದು, ಹೊಸ ಮನೆಗೊಂದು, ಮಣ್ಣಿಗೊಂದು ಎಂದು ಅವನ ಪ್ರಾರ್ಥನೆಗಳು ತಾವಾಗಿಯೇ ಹದಗೊಂಡಿದ್ದವು. ಕಣ್ಣು ಮುಚ್ಚುವುದೇ ತಡ, ಕಾಲುವೆಗೆ ನೀರು ಬಿಟ್ಟ ಹಾಗೆ ಹರಿದು ಬರುತ್ತಿದ್ದವು. ಕೇಳಿದವರು ಅಳುತ್ತಿದ್ದರು. ಅವನೂ ಅಳುತ್ತಿದ್ದ. ಅತ್ತ ಮೇಲೆ ಎದೆ ಹಗುರಾಗುತ್ತಿತ್ತು. ಕರ್ತನು ಪಕ್ಕದಲ್ಲೇ ಕೂತಿದ್ದಾನೆ ಅನ್ನಿಸುತ್ತಿತ್ತು.

ಸುತ್ತಲ ಏಳು ಊರಿನವರು ಅವನನ್ನೇ ಕರೆಯುತ್ತಿದ್ದರು. ಹನೋಕಯ್ಯನವರನ್ನು ಕರೆಯುವುದು ಕಡಿಮೆ. ಅಯ್ಯನವರದು ಎರಡು ಮಾತಿನ ಪ್ರಾರ್ಥನೆ, ಅದರಲ್ಲೂ ಒಂದು ಕೆಮ್ಮು ಎಂದು ಜನ ನಗುತ್ತಿದ್ದರು.

ಹನೋಕಯ್ಯನವರು ಒಮ್ಮೆ ಶಿಷ್ಯನಿಗೆ ಹೇಳಿದರು: "ನಿನ್ನ ಪ್ರಾರ್ಥನಾಕ್ಕ ಈಗ ನೀ ಬೇಕಾಗಿಲ್ಲ ಬಿಡು."

ಶಿಷ್ಯ ಅದನ್ನು ಹೊಗಳಿಕೆ ಎಂದುಕೊಂಡ.

ಆ ವರ್ಷ, ಕಸಬರಿಗೆ ಕಟ್ಟಿ ಮಾರುವ ಕರುಣವ್ವನ ಮಗಳು ಲಿಲ್ಲಿ ಮೂರು ದಿನದ ಜ್ವರಕ್ಕೆ ತೀರಿಕೊಂಡಳು. ಗಂಡ ಸತ್ತ ಕರುಣವ್ವನಿಗೆ ಇದ್ದದ್ದು ಅದೊಂದೇ ಕೂಸು.

ಪೆಟ್ಟಿಗೆ ಒಬ್ಬನೇ ಹೊರುವಷ್ಟಿತ್ತು. ಕುಣಿಯ ಬದಿಗೆ ನಿಂತು ಸತ್ಯಮಿತ್ರ ಕಣ್ಣು ಮುಚ್ಚಿದ. ಮಾತು ತಾನಾಗಿ ಬಂತು.

"ಕರ್ತನೇ, ನಿನ್ನ ದಾಸಿಗೆ ನೀನು ದಯಪಾಲಿಸಿದ ತುಂಬು ಆಯುಷ್ಯಕ್ಕಾಗಿ ನಿನಗೆ ಸ್ತೋತ್ರ."

ಜನ ಆಮೆನ್ ಅಂದರು. ಅವರಿಗೂ ರೂಢಿ.

ಆಮೆನ್ ಕಿವಿಗೆ ಬಿದ್ದ ಮೇಲೆ ಅವನಿಗೆ ತಾನು ಅಂದದ್ದು ಕೇಳಿಸಿತು. ಕಣ್ಣು ತೆರೆದ. ಎಲ್ಲರ ಕಣ್ಣೂ ಮುಚ್ಚಿದ್ದವು. ಕರುಣವ್ವನ ಕಣ್ಣು ಮಾತ್ರ ತೆರೆದಿತ್ತು. ಅವನನ್ನೇ ನೋಡುತ್ತಿದ್ದಳು.

"ಅಕೀಗೆ ನಾಕು ವರ್ಷ ಸೈತ ತುಂಬಿರಲಿಲ್ರಿ," ಅಂದಳು. ಬಗ್ಗಿ ಒಂದು ಹಿಡಿ ಮಣ್ಣು ಹಾಕಿದಳು.

ಮರುದಿನ ಬೆಳಿಗ್ಗೆ ಸತ್ಯಮಿತ್ರ ಮೊಣಕಾಲೂರಿದ. ಮಾತು ಬಂದವು. ಒಂದೊಂದನ್ನೂ ತಡೆದು ನಿಲ್ಲಿಸಿ ನೋಡಿದ. ಇದು ತೊಟ್ಟಿಲಿನದು. ಇದು ಮದುವೆಯದು. ಇದು ಯಾರದೋ ಅಜ್ಜಿಯದು. ತನ್ನದು ಎಂಬುದು ಒಂದೂ ಸಿಗಲಿಲ್ಲ. ವಾರ ಕಳೆಯುವಷ್ಟರಲ್ಲಿ ಬಾಯಿ ಕಟ್ಟಿತು. ಪಕ್ಕದಲ್ಲಿ ಕೂತಿದ್ದ ಕರ್ತನೂ ಎದ್ದು ಹೋದ ಹಾಗಾಯಿತು.

ಗುರುಗಳ ಮುಂದೆ ಎಲ್ಲವನ್ನೂ ಹೇಳಿಕೊಂಡ. ಎಳೆಯ ಮಕ್ಕಳ ಮಣ್ಣಿಗೆ ಬೇರೆಯೇ ಪ್ರಾರ್ಥನೆಯೊಂದನ್ನು ಕಲಿಸಿಕೊಡಿ, ಇನ್ನು ಹಾಗೆ ತಪ್ಪುವುದಿಲ್ಲ ಎಂದ.

ಹನೋಕಯ್ಯನವರು ಎದ್ದರು. ಅವನ ಬಗಲಲ್ಲಿದ್ದ ಬೈಬಲನ್ನು ತೆಗೆದುಕೊಂಡು ಗೋಡೆಯ ಗೂಡಿನಲ್ಲಿಟ್ಟರು.

"ಕರುಣವ್ವನ ಮನಿಗೆ ಹೋಗು."

"ಹೋಗಿ ಏನ್ ಹೇಳಲ್ರಿ?"

"ಏನೂ ಹೇಳಬ್ಯಾಡ."

"ಪ್ರಾರ್ಥನಾ?"

"ಮಾಡಬ್ಯಾಡ."

"ಆಕಿ ಬೈದರ?"

"ಬೈಸ್ಕೊ. ಮರುದಿನ ಮತ್ತ ಹೋಗು."

ಅವನು ಹೋದ. ಕರುಣವ್ವ ಅಂಗಳದಲ್ಲಿ ಈಚಲ ಗರಿಗಳ ನಡುವೆ ಕೂತಿದ್ದಳು. ಪ್ರಾರ್ಥನೆ ಬೇಡ ಎಂದು ದೂರದಿಂದಲೇ ಕೈ ಮಾಡಿದಳು. ಅವನು ತಲೆಯಾಡಿಸಿ ಕಟ್ಟೆಯ ಮೇಲೆ ಕೂತ. ಆಕೆ ನೀರು ಕೊಡಲಿಲ್ಲ. ಬಿಸಿಲು ಇಳಿದ ಮೇಲೆ ಎದ್ದು ಬಂದ. ಎರಡನೆಯ ದಿನವೂ ಅಷ್ಟೆ.

ಮೂರನೆಯ ದಿನ ಆಕೆಯೇ ಬಾಯಿ ತೆರೆದಳು. "ಏನ್ರಿ, ಮಾತು ತೀರಿದುವೇನು?"

"ತೀರಿದುವು," ಅಂದ.

ಆಕೆ ಕೈಯಲ್ಲಿದ್ದ ಗರಿ ಕೆಳಗಿಟ್ಟು ಅವನನ್ನು ನೋಡಿದಳು. ಅವನು ಆ ಮನೆಯಲ್ಲಿ ಆಡಿದ ಮೊದಲ ನಿಜ ಅದು, ಇಬ್ಬರಿಗೂ ತಿಳಿಯಿತು. ಆಕೆ ಒಂದು ಹೊರೆ ಗರಿಗಳನ್ನು ಅವನ ಕಡೆ ನೂಕಿದಳು.

"ಹಂಗಾರ ಸೀಳ್ರಿ."

ಸೀಳಿದ. ಬೆರಳು ಕೊಯ್ದವು. ದಿನಾ ಹೋಗಿ ಸೀಳಿದ. ಅತ್ತ ಸಭೆಯವರು ಎರಡು ಸಲ ಕರೆ ಕಳಿಸಿ, ಮೂರನೆಯ ಸಲ ಹೊಳೆಯಾಚೆಯಿಂದ ಬೇರೊಬ್ಬ ಉಪದೇಶಿಯನ್ನು ಕರೆಸಿಕೊಂಡರು. ಅವನ ಪ್ರಾರ್ಥನೆಯೂ ಚೆನ್ನಾಗಿತ್ತು, ಜನ ಅತ್ತರು. ಸತ್ಯಮಿತ್ರ ಕಸಬರಿಗೆ ಶಾಲೆಗೆ ಸೇರಿದ್ದಾನೆ ಎಂದು ಸಭೆಯ ಹಿರಿಯರೊಬ್ಬರು ನಗೆಯಾಡಿದರಂತೆ. ದಾರಿಯಲ್ಲಿ ಸಿಕ್ಕವರು ಮೊದಲು ನಿಂತು ಮಾತಾಡಿಸುತ್ತಿದ್ದರು. ಈಗ ತಲೆಯಾಡಿಸಿ ಹೋದರು. ಆಮೇಲೆ ಅದನ್ನೂ ಬಿಟ್ಟರು.

ಬೆಳಿಗ್ಗೆ ಮೊಣಕಾಲೂರುವುದನ್ನು ಅವನು ಬಿಡಲಿಲ್ಲ. ಊರಿ ಸುಮ್ಮನೆ ಇರುತ್ತಿದ್ದ. ಹೊಳೆಯ ಸದ್ದು ಕೇಳುತ್ತಿತ್ತು. ಇನ್ನೇನೂ ಕೇಳುತ್ತಿರಲಿಲ್ಲ.

ಮಳೆಗಾಲ ಹಿಡಿಯುವ ಹೊತ್ತಿಗೆ ಕರುಣವ್ವ ಮಗಳ ಮಾತು ತೆಗೆದಳು. ಕೆಲಸ ಮಾಡುತ್ತ, ಅವನ ಕಡೆ ನೋಡದೆ. ಲಿಲ್ಲಿಗೆ ಗುಡುಗಿನ ಭಯ. ಗುಡುಗಿದರೆ ಹೇಂಟೆ ಕೋಳಿಯನ್ನು ಎತ್ತಿಕೊಂಡು ಮಂಚದ ಕೆಳಗೆ ಹೋಗಿ, ಅಂಜಬ್ಯಾಡ ಅಂಜಬ್ಯಾಡ ಎಂದು ಹೇಂಟೆಗೆ ಹೇಳುತ್ತಿದ್ದಳಂತೆ. ಅಷ್ಟು ಹೇಳಿ ಆಕೆ ಒಂದು ಕಟ್ಟು ಬಿಗಿದಳು. ಇನ್ನೊಂದು ಬಿಗಿದಳು.

"ಈಗ ಎಲ್ಲಿ ಅದಾಳ್ರಿ ಅಕೀ?"

ಸತ್ಯಮಿತ್ರನಿಗೆ ವಚನ ಗೊತ್ತಿತ್ತು. ಒಂದಲ್ಲ, ಮೂರು ಗೊತ್ತಿದ್ದವು. ಮೂರೂ ನಾಲಿಗೆಯ ತುದಿಗೆ ಬಂದು ನಿಂತವು. ಮೂರೂ ನಿಜವೇ ಇರಬಹುದು. ಆದರೆ ತಾನು ಹೋಗಿ ನೋಡಿದವನ ಹಾಗೆ ಹೇಳಲು ಅವನಿಗೆ ಆಗಲಿಲ್ಲ.

"ನನಗ ಗೊತ್ತಿಲ್ಲವ್ವ," ಅಂದ. "ಕೇಳತೀನಿ."

"ಕೇಳ್ರಿ. ನಾನೂ ಕೇಳಾಕತ್ತೀನಿ. ನನಗಂತೂ ಯಾರೂ ಹೇಳವಲ್ರು."

ಆಕೆ ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ಅವನ ಮುಂದಿಟ್ಟಳು.

ಮರುದಿನ ಬೆಳಿಗ್ಗೆ ಅವನು ಕೇಳಿದ. ಸ್ತೋತ್ರವಿಲ್ಲ, ದಾಸಿ ಎನ್ನಲಿಲ್ಲ, ದಯಪಾಲಿಸು ಎನ್ನಲಿಲ್ಲ. ಲಿಲ್ಲಿ ಎಲ್ಲಿದ್ದಾಳೆ, ಅವಳ ತಾಯಿ ಕೇಳುತ್ತಿದ್ದಾಳೆ, ಅಷ್ಟೆ. ಅದಕ್ಕಿಂತ ಚಿಕ್ಕ ಪ್ರಾರ್ಥನೆಯನ್ನು ಅವನು ಎಂದೂ ಮಾಡಿರಲಿಲ್ಲ. ಕಣ್ಣೀರು ಬರಲಿಲ್ಲ. ಎದೆ ಹಗುರಾಗಲಿಲ್ಲ. ಆ ದಿನ ಕೇಳಿದ, ಮರುದಿನ ಕೇಳಿದ, ನಲವತ್ತು ದಿನ ಕೇಳಿದ.

ನಲವತ್ತೊಂದನೆಯ ದಿನ ಸಂಜೆ ಹನೋಕಯ್ಯನವರು ಹೊಳೆಯ ಮೆಟ್ಟಿಲ ಮೇಲಿದ್ದರು. ಸತ್ಯಮಿತ್ರ ಬಂದು ನಿಂತ. ಹೊಳೆಯಾಚೆಯ ಉಪದೇಶಿ ಊರು ಬಿಟ್ಟಿದ್ದಾನೆ, ಸಭೆಯವರು ಮತ್ತೆ ಕರೆಯಲು ಬಂದಿದ್ದರು ಎಂದು ತಿಳಿಸಿದ. ಕಣ್ಣು ಮುಚ್ಚಿದರೆ ಹಳೆಯ ಮಾತುಗಳೆಲ್ಲ ಇನ್ನೂ ಬಂದಾವು ಎಂದೂ ಹೇಳಿದ.

"ಹೋಗತೀಯೇನು?"

"ಆಗೂದಿಲ್ರಿ."

"ಮತ್ತೇನು?"

"ಮೊದಲ ಮೊಣಕಾಲೂರಿದರ ಮನಿ ತುಂಬ ಮಂದಿ ಇದ್ದಂಗ ಇರ್ತಿತ್ರಿ. ಈಗ ಮುಚ್ಚಿದ ಬಾಗಿಲ ಮುಂದ ಒಬ್ಬನ ನಿಂತಂಗ ಆಗೇದ. ಬಡೀತೀನಿ. ಒಳಗ ಸಪ್ಪಳಿಲ್ಲ."

"ಬಡಿಯೂದು ಬಿಟ್ಟಿ?"

"ಇಲ್ರಿ. ಕರುಣವ್ವಗ ಮಾತು ಕೊಟ್ಟೀನಿ. ಎಷ್ಟು ದಿನ ಹಿಂಗ ನಿಂದರಬೇಕ್ರಿ, ಅಯ್ಯನವರ?"

ಹನೋಕಯ್ಯನವರು ಕೆಮ್ಮಿದರು.

"ನನಗೂ ಗೊತ್ತಿಲ್ಲ. ಒಂಚೂರು ಸರದು ನಿಲ್ಲು. ನಾನೂ ಅಲ್ಲೇ ನಿಂತೀನಿ."