ಲೆಸ್ತ್ ಎಂಬ ಮಾತಿನ ಕುಲ

ರಷ್ಯನ್ನರ ನಾಡಿನಲ್ಲಿ ಡಂಗುರ ಹೊಡೆಸಿದರು: ರಾಣಿ ಉಸ್ತಿನ್ಯಾಳ ಮೂರು ಒಗಟು ಬಿಡಿಸಿದವನಿಗೆ ರಾಣಿಯ ಕೈಯೂ ಅರ್ಧ ರಾಜ್ಯವೂ ಸಿಗುತ್ತವೆ; ತಪ್ಪಿದವನ ತಲೆ ಕೊಡಲಿಗೆ.

ಹಕ್ಕಿ ಹಿಡಿಯುವ ಫೋಮಾನ ತಲೆ ಹೇಗೂ ಹೋಗುವುದರಲ್ಲಿತ್ತು. ರಾಣಿಯ ಕಾಡಿನಲ್ಲಿ ಲಾವುಗೆ ಹಿಡಿದು ಸಿಕ್ಕಿಬಿದ್ದಿದ್ದ. ಆಸ್ಥಾನದ ಕಂಬಕ್ಕೆ ಕಟ್ಟಿಸಿಕೊಂಡೇ, ತಾನೂ ಒಗಟಿಗೆ ಉತ್ತರ ಹೇಳುತ್ತೇನೆಂದು ಬೇಡಿಕೊಂಡ. ಮಂತ್ರಿ ಪಖೋಮ್ ಅವನ ನಾತಕ್ಕೆ ಮೂಗು ಮುಚ್ಚಿಕೊಂಡು, ದೊಡ್ಡವರದು ಮೊದಲು ಮುಗಿಯಲಿ ಎಂದ.

"ಕೊಟ್ಟವನಿಗೆ ಖರ್ಚಿಲ್ಲ, ಉಂಡವನಿಗೆ ಹೊಟ್ಟೆ ತುಂಬುವುದಿಲ್ಲ. ಏನದು?" ಎಂದು ರಾಣಿ ಕೇಳಿದಳು.

ಒಬ್ಬ ರಾಜಕುಮಾರ ಅದು ರಾಣಿಯ ಮುಗುಳ್ನಗೆ ಎಂದ. ಇನ್ನೊಬ್ಬ ಅವಳ ಕಣ್ಣಿನ ಬೆಳದಿಂಗಳು ಎಂದ. ಮೂರನೆಯವನಿಗೆ ಅವಳ ಕಾಲ್ಧೂಳಿಯೂ ಸಾಕಾಯಿತು. ಥೂ, ಉತ್ತರ ಬಾಯಿಂದ ಜೊಲ್ಲಿನ ಹಾಗೆ ಸುರಿಯುತ್ತಿತ್ತು, ಅದರ ಹೆಸರು ಮಾತ್ರ ಒಬ್ಬನಿಗೂ ಹೊಳೆಯಲಿಲ್ಲ. ಮೂರು ತಲೆ ಉರುಳಿದವು.

ಫೋಮಾನ ಸರದಿ ಬಂತು. ಅದು ಲೆಸ್ತ್, ಅಂದರೆ ಮುಖಸ್ತುತಿ, ಎಂದುಬಿಟ್ಟ. ಬೀಗದ ಕೈ ಇಲ್ಲದೆ ಒಳಗೆ ಬಂದು ಯಜಮಾನನನ್ನೇ ಹೊರಗೆ ಹಾಕುವುದು ಯಾವುದು ಎಂಬ ಎರಡನೆಯ ಒಗಟಿಗೂ ಅದೇ ಉತ್ತರ ಕೊಟ್ಟ.

"ಹಾಗಾದರೆ ಮೂರನೆಯದು: ಅದರ ಕುಲ ಹೇಳು," ಎಂದಳು ರಾಣಿ.

"ನಮ್ ಕಾಡಲ್ಲಿ ಮುದುಕ್ರು ಲೆಸ್ತ್ ಅಂದ್ರೆ ಇವತ್ಗೂ ಮೋಸ ಅಂತಾರೆ, ದೊರೆಸಾನಿ. ಪಡುವಣದ ಗಾಥ್ ಜನ ಕುಯುಕ್ತಿಗೆ ಆ ಹೆಸರು ಇಟ್ಟಿದ್ರಂತೆ, ಅಲ್ಲಿಂದ ಬಂದದ್ದು. ಅರಮನೆ ಹೊಕ್ಕಮೇಲೆ ಅದಕ್ಕೆ ಹೊಗಳಿಕೆ ಅನ್ನೋ ಮರ್ಯಾದೆ ಸಿಕ್ತು. ನಾನು ಹೆಣ್ಣು ಲಾವುಗೆ ಥರ ಪೀಪಿ ಊದ್ತೀನಿ, ಗಂಡು ಓಡಿಬಂದು ಬಲೆಗೆ ಬೀಳ್ತದೆ. ಹಕ್ಕಿಗೆ ಏನು ಬೇಕೋ ಅದನ್ನೇ ಊದೋದು."

ರಾಣಿ ತಲೆಯಾಡಿಸಿ ಹಗ್ಗ ಬಿಚ್ಚಿಸಿದಳು. ಫೋಮಾ ಅಷ್ಟಕ್ಕೇ ಬಾಯಿ ಮುಚ್ಚಬಹುದಿತ್ತು.

"ಊದಿದೋರ ತಲೆ ತೆಗೆಸಿದ್ರಿ. ಓಡಿಬರೋ ಹಕ್ಕಿ ಇಲ್ದಿದ್ರೆ ಊದೋರು ಯಾರು ದೊರೆಸಾನಿ?"

ರಾಣಿಯ ಮುಖ ನಾಚಿಕೆಯಿಂದ ಕೆಂಪಾಯಿತು. ಕೊಡಲಿಯವನನ್ನು ಕೆಲಸದಿಂದ ತೆಗೆದಳು, ಫೋಮಾನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅರ್ಧ ರಾಜ್ಯ ಬರೆದುಕೊಟ್ಟಳು.

ತಕ್ಷಣ ಪಖೋಮ್ ಅವನ ಬಳಿ ಬಂದು ನಡುಬಗ್ಗಿಸಿ, ಪ್ರಭುಗಳ ಮೈಯಿಂದ ಕಾಡುಹೂವಿನ ಪರಿಮಳ ಬರುತ್ತಿದೆ ಎಂದ. ನಾಚಿಕೆಗೆಟ್ಟ ಮುದುಕ. ಆದರೆ ಆ ಮಾತು ಫೋಮಾನಿಗೆ ಹಿತವಾಗಿಯೇ ಇತ್ತು. ಕೊಡಲಿಯ ಮುಂದೆಯೂ ನಡುಗದ ಅವನಿಗೆ ಆಗ ಭಯವಾಯಿತು.