ಸ್ಟೆಪ್ನಿ ಇಲ್ಲದ ಅರಮನೆ ಕಾರು

"ಕೇಳಿರಪ್ಪೋ ಕೇಳಿ! ನಮ್ಮ ದೊರೆ ಗರುಡರಾಜರು ಕೇಳುವ ಮೂರು ಒಗಟು ಬಿಡಿಸಿದವರು ಅರಮನೆ ಕಾರಿಗೆ ಟೈರು ಆರಿಸಬಹುದು, ಬಾಯಿಬಿಟ್ಟು ಕೇಳಿದ್ದನ್ನು ಪಡೆಯಬಹುದು. ತಪ್ಪು ಹೇಳಿದವರ ತಲೆ ಹೋಗುತ್ತದೆ. ಶುಕ್ರವಾರದೊಳಗೆ ಯಾರೂ ಬಿಡಿಸದಿದ್ದರೆ ಡ್ರೈವರ್ ದ್ಯಾಮಣ್ಣನ ತಲೆಯೂ ಹೋಗುತ್ತದೆ."

ಡಂಗುರದವನು ಇಷ್ಟು ಸಾರಿ ಮುಂದಿನ ಬೀದಿಗೆ ನಡೆದ. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬು ಉಜ್ಜುತ್ತ ಕೂತಿದ್ದ ಓಬಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ದ್ಯಾಮಣ್ಣ ಅವಳ ಒಡಹುಟ್ಟಿದ ಅಣ್ಣ.

ಅಲ್ಲ ಸ್ವಾಮಿ, ಟೈರು ಒಡೆದದ್ದಕ್ಕೆ ಮನುಷ್ಯನ ತಲೆ ತೆಗೆಯುತ್ತಾರಾ? ಈ ಗರುಡರಾಜ ತೆಗೆಯುವವನೇ. ಅವನ ರಾಜ್ಯದಲ್ಲಿ ಒಂದು ಮೈಲಿ ಡಾಂಬರಿಲ್ಲ, ಎಲ್ಲಿ ನೋಡಿದರೂ ಚೂಪು ಜಲ್ಲಿ. ಇವನಿಗೋ ಕಾರಿನ ಶೋಕಿ. ಚಕ್ರಕ್ಕೆ ಮಿರಮಿರ ಮಿಂಚುವ ದೊಡ್ಡ ಲೋಹದ ಡಿಸ್ಕು, ಅದರ ಸುತ್ತ ಬಳೆ ತೊಡಿಸಿದ ಹಾಗೆ ತೆಳ್ಳನೆ ಟೈರು. ಇದು ಜಲ್ಲಿಗೆ ತಡೆಯುವುದಿಲ್ಲ ಅಂತ ದ್ಯಾಮಣ್ಣ ಮೂರು ಸಲ ಹೇಳಿದ್ದ, ಮೂರು ಸಲವೂ ಬೈಸಿಕೊಂಡಿದ್ದ. ರಾಜಕುಮಾರಿಯ ನಿಶ್ಚಿತಾರ್ಥಕ್ಕೆ ಗಂಡಿನ ಊರಿಗೆ ಹೊರಟಾಗ ನಡುದಾರಿಯಲ್ಲಿ ಟೈರು ಒಡೆಯಿತು. ಬದಲಿ ಚಕ್ರ ಇರಲಿಲ್ಲ. ಗಂಡಿನ ಕಡೆಯವರು ಕಾದು ಕಾದು ಎದ್ದು ಹೋದರು. ಮಾನ ಹೋದದ್ದು ದೊರೆಯದು, ಸೆರೆಮನೆಗೆ ಹೋದದ್ದು ದ್ಯಾಮಣ್ಣ.

ಒಗಟುಗಳನ್ನಾದರೂ ದೊರೆ ತಾನೇ ಕಟ್ಟಿದನೇ? ಅದೂ ಇಲ್ಲ. ಮುದಿ ಮಂತ್ರಿಯ ಕೈಲಿ ಬರೆಸಿ, ಓದಿ ನೋಡುವಷ್ಟೂ ತಾಳ್ಮೆಯಿಲ್ಲದೆ ಜೇಬಿಗಿಟ್ಟುಕೊಂಡಿದ್ದ.

ಬುಧವಾರ ಪೇಟೆಯ ಟೈರು ವ್ಯಾಪಾರಿ ಪುಟ್ಟತಿಮ್ಮಯ್ಯ ಜರಿ ರುಮಾಲು ಸುತ್ತಿಕೊಂಡು ಬಂದ. ದೊರೆ ಚೀಟಿ ಬಿಚ್ಚಿ ಮೊದಲನೆಯದನ್ನು ಓದಿದ: "ಅಂಗಾಲಿಗೆ ಮುಳ್ಳು ಚುಚ್ಚಿದರೆ ಬದುಕುತ್ತಾನೆ, ಪಕ್ಕೆಗೆ ಕಲ್ಲು ಇರಿದರೆ ಸಾಯುತ್ತಾನೆ. ಜಲ್ಲಿ ದಾರಿಯಲ್ಲಿ ಅವನಿಗೆ ಎಂಥ ಅಂಗಿ ಹೊಲಿಸಬೇಕು?" ಅವನು ಟೈರು, ಅವನಿಗೆ ಅಗಲವಾದ ನುಣುಪು ಅಂಗಿ ಬೇಕು, ನೋಡಲೂ ಚೆಂದ ಅಂದ ಪುಟ್ಟತಿಮ್ಮಯ್ಯ. ಮಂತ್ರಿ ಅಡ್ಡಡ್ಡ ತಲೆಯಾಡಿಸಿದ. ತಲೆ ತೆಗೆಯುವುದು ಶುಕ್ರವಾರಕ್ಕೆ ಅಂತ ಭಟರು ವ್ಯಾಪಾರಿಯನ್ನು ಸೆರೆಮನೆಗೆ ಎಳೆದುಕೊಂಡು ಹೋದರು.

ಗುರುವಾರ ಆಸ್ಥಾನದ ಎಂಜಿನಿಯರ್ ಬಂದ. ಓದಿದವನು, ಮೊದಲನೆಯದನ್ನು ಹೇಗೋ ದಾಟಿದ. ಎರಡನೆಯದು ಬಂತು: "ಹೊಟ್ಟೆ ಬಿರಿಯ ಉಂಡರೆ ಕಲ್ಲಿಗೆ ಸಿಡಿಯುತ್ತಾನೆ, ಉಪವಾಸ ಬಿದ್ದರೆ ನಜ್ಜುಗುಜ್ಜಾಗುತ್ತಾನೆ. ಎಷ್ಟು ಉಣಿಸಬೇಕು?" ಪುಸ್ತಕದಲ್ಲಿ ಅಚ್ಚಾದಷ್ಟು ಗಾಳಿ, ಯಾವ ರಸ್ತೆಯಾದರೂ ಅಷ್ಟೇ, ಅಂದುಬಿಟ್ಟ. ಜಲ್ಲಿ ರಸ್ತೆಯಲ್ಲಿ ಒಂದು ದಿನ ಕಾರು ಓಡಿಸಿದ್ದರೆ ಹಾಗನ್ನುತ್ತಿರಲಿಲ್ಲ. ಅವನನ್ನೂ ಎಳೆದೊಯ್ದರು.

ಶುಕ್ರವಾರ ಬೆಳಿಗ್ಗೆ ಅಂಗಳದಲ್ಲಿ ಕೊಡಲಿ ಮಸೆಯುತ್ತಿದ್ದರು. ಕೈಗಂಟಿದ ಪಂಕ್ಚರ್ ಅಂಟನ್ನೂ ತೊಳೆಯದೆ ಓಬಕ್ಕ ಸಭೆಗೆ ಬಂದು ನಿಂತಳು. ಪಂಕ್ಚರ್ ಹಾಕುವವಳು ಅಂತ ಯಾರೋ ಕಿಸಕ್ಕನೆ ನಕ್ಕರು. ಅವಳು ಆ ಕಡೆ ತಿರುಗಿಯೂ ನೋಡಲಿಲ್ಲ.

ಮೊದಲನೆಯದಕ್ಕೆ ಅವಳೆಂದಳು: "ಶೋಕಿ ಅಂಗಿ ಬೇಡ ಸ್ವಾಮಿ, ಕಂಬಳಿ ಹೊದಿಸಬೇಕು. ಡಿಸ್ಕು ಚಿಕ್ಕದಿರಲಿ, ಟೈರಿನ ಪಕ್ಕೆ ಎತ್ತರವಿರಲಿ, ಒಳಗೆ ಪದರ ಜಾಸ್ತಿ ಇರಲಿ. ನೆಲ ಕಚ್ಚುವ ಹಲ್ಲು ಆಳವಾಗಿ, ನಡುವೆ ಜಾಗ ಬಿಟ್ಟು ಇರಲಿ. ಜಲ್ಲಿಯನ್ನು ಹಿಡಿಯಬೇಕು, ಸಿಕ್ಕಿಕೊಂಡ ಕಲ್ಲನ್ನು ಉಗುಳಲೂಬೇಕು."

ಎರಡನೆಯದಕ್ಕೆ, ಪುಸ್ತಕ ಹೇಳಿದ್ದಕ್ಕಿಂತ ಎರಡು ಮೂರು ಪಾಯಿಂಟ್ ಗಾಳಿ ಕಡಿಮೆ ಮಾಡಿ ನಿಧಾನ ಓಡಿಸಬೇಕು, ಆಗ ಟೈರು ಕಲ್ಲಿನ ಮೇಲೆ ಬಾಗಿಕೊಂಡು ಹೋಗುತ್ತೆ ಅಂದಳು. ಅದಕ್ಕಿಂತ ಇಳಿಸಿದರೆ ಡಿಸ್ಕಿಗೂ ಕಲ್ಲಿಗೂ ನಡುವೆ ಸಿಕ್ಕಿ ಪಕ್ಕೆ ಹರಿಯುತ್ತದೆ. ಗಡಿ ದಾಟಿ ಒಳ್ಳೆ ರಸ್ತೆಗೆ ಬಂದೊಡನೆ ಮತ್ತೆ ತುಂಬಿಸಬೇಕು. ಮಂತ್ರಿ ಎರಡಕ್ಕೂ ಹೌದೆಂದು ತಲೆಯಾಡಿಸಿದ.

ದೊರೆ ಮೂರನೆಯದನ್ನು ಓದಿದ: "ನಾಲ್ವರು ಅಣ್ಣತಮ್ಮಂದಿರು ನೆಲದ ಮೇಲೆ ದುಡಿಯುತ್ತಾರೆ. ಐದನೆಯವನು ನೆಲ ಮುಟ್ಟದೆ ಅವರ ಜೊತೆಗೇ ಬರುತ್ತಾನೆ. ಅವನನ್ನು ಮನೆಯಲ್ಲಿ ಬಿಟ್ಟು ಹೊರಟ ಮೂರ್ಖ ಯಾರು?"

ಓಬಕ್ಕ ಒಂದು ಹೆಜ್ಜೆ ಮುಂದೆ ಬಂದಳು.

"ಐದನೆಯವನು ಸ್ಟೆಪ್ನಿ. ನಿಶ್ಚಿತಾರ್ಥದ ದಿನ ತಟ್ಟೆಗಳನ್ನು ಇಡಲು ಡಿಕ್ಕಿಯಲ್ಲಿ ಜಾಗ ಸಾಲದು ಅಂತ ಅವನನ್ನು ತೆಗೆಸಿದರು. ಬೇಡ ಅಂದ ನಮ್ಮಣ್ಣನಿಗೆ ಕಪಾಳಕ್ಕೆ ಬಿತ್ತು. ತೆಗೆಸಿದವರು ನೀವು. ಮೂರ್ಖರು ಯಾರು ಅಂತ ಚೀಟಿ ಕೇಳುತ್ತಿದೆ, ನಾನು ಹೇಳಿದ್ದೀನಿ. ತಪ್ಪಾಗಿದ್ದರೆ ತಲೆ ತೆಗೆಯಿರಿ."

ದೊರೆ ಮಂತ್ರಿಯ ಮುಖ ನೋಡಿದ. ಮುದುಕ ನೆಲ ನೋಡುತ್ತಿದ್ದ. ಆಗ ಸಿಂಹಾಸನದ ಪಕ್ಕ ಕೂತಿದ್ದ ರಾಜಕುಮಾರಿ ಮೆಲ್ಲಗೆ ಹೇಳಿದಳು: "ಉತ್ತರ ಸರಿಯಾಗಿದೆ ಅಪ್ಪಾಜಿ. ನಾನೇ ಕಣ್ಣಾರೆ ನೋಡಿದೆ."

ದೊರೆ ಬೆವರು ಒರೆಸಿಕೊಂಡು, ಸೆರೆಯಲ್ಲಿದ್ದ ಮೂವರನ್ನೂ ಬಿಡಿಸಿ ಕರೆಸಿದ. ಇನ್ನೇನು ಬೇಕು ಕೇಳು ಅಂದ. ಇಷ್ಟು ಜನರ ಮುಂದೆ ನಮ್ಮಣ್ಣನಿಗೆ ತಪ್ಪಾಯಿತು ಅನ್ನಿ, ಸಾಕು ಅಂದಳು ಓಬಕ್ಕ. ದೊರೆಯ ಮುಖ ಹುಳ್ಳಗಾಯಿತು. ಅದು ಬಿಟ್ಟು ಬೇರೆ ಕೇಳು, ಅರ್ಧ ರಾಜ್ಯವನ್ನೇ ಬೇಕಾದರೂ ಕೊಡುತ್ತೇನೆ ಅಂತ ಗೋಗರೆದ.

"ಅರ್ಧ ರಾಜ್ಯ ಇಟ್ಟುಕೊಂಡು ಏನು ಮಾಡಲಿ ಸ್ವಾಮಿ? ಅಲ್ಲೂ ಇದೇ ಜಲ್ಲಿ."

ಬೇರೆ ದಾರಿಯಿರಲಿಲ್ಲ. ಸಿಂಹಾಸನ ಇಳಿದು ಬಂದು, ಬೇಡಿಯ ಗಾಯ ಉಜ್ಜಿಕೊಳ್ಳುತ್ತಿದ್ದ ದ್ಯಾಮಣ್ಣನ ಮುಂದೆ ನಿಂತು, ದೊರೆ "ತಪ್ಪಾಯಿತು" ಅಂದ. ಹುಟ್ಟಿದಾಗಿನಿಂದ ಆ ಬಾಯಿಂದ ಬರದಿದ್ದ ಮಾತು. ಹಿಂದೆಯೇ, ನಾಳೆಯಿಂದ ಕೆಲಸಕ್ಕೆ ಬಾ ಅಂತಲೂ ಸೇರಿಸಿದ.

"ಟೈರನ್ನು ನನ್ನ ತಂಗಿ ಆರಿಸಿಕೊಡುತ್ತಾಳೆ, ಕಾರು ಚೆನ್ನಾಗಿ ಓಡುತ್ತೆ," ಅಂದ ದ್ಯಾಮಣ್ಣ. "ಓಡಿಸೋದು ಮಾತ್ರ ನೀವೇ ಕಲಿತುಕೊಳ್ಳಿ ಸ್ವಾಮಿ."

ಅಣ್ಣ ತಂಗಿ ಅರಮನೆಯ ಬಾಗಿಲು ದಾಟಿ, ಜಲ್ಲಿಯ ಮೇಲೆ ಬರಿಗಾಲಲ್ಲಿ ಮನೆ ಕಡೆ ನಡೆದರು.